ಛತ್ರಿ ಟಿವಿಯ ವರ್ಷ

ಕನ್ನಡನಾಡಿಗೆ ಟಿವಿ ಬಂದದ್ದು ಮೊದಲು ಬೆಂಗಳೂರಿಗೆ ಎಂದು ಈಗಲೂ ಬಹಳ ಜನ ತಿಳಿದಿದ್ದಾರೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್‌ನಲ್ಲೇ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಶಾಲೆಯ ಅಂಗಳದಲ್ಲಿ ಕೂತು ಕನ್ನಡದ ಟಿವಿ ನೋಡುತ್ತಿದ್ದರು. ರಾಜಧಾನಿಗೆ ಇನ್ನೂ ಇಲ್ಲದ್ದು ದಿನಕ್ಕೊಂದು ಬಸ್ಸು ಬರುವ ಊರುಗಳಿಗೆ ಬಂದಿತ್ತು. ಹಿಂದುಳಿದ ಜಿಲ್ಲೆ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನನಗೆ ಈ ಸಂಗತಿಯನ್ನು ಎಷ್ಟು ಸಲ ಹೇಳಿದರೂ ತೃಪ್ತಿಯಿಲ್ಲ. ನಮ್ಮನ್ನು ಆರಿಸಿದ್ದೇ ನಾವು ಹಿಂದುಳಿದಿದ್ದೇವೆ ಎಂಬ ಕಾರಣಕ್ಕೆ.

ಆ ಯೋಜನೆಯ ಪೂರ್ತಿ ಹೆಸರು ಉದ್ದವಾದದ್ದು. ಎಲ್ಲರೂ ಸೈಟ್ ಎನ್ನುತ್ತಿದ್ದರು. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿವಿ ಕಾರ್ಯಕ್ರಮ ಇಳಿಸಿ, ಅದರಿಂದ ಶಾಲೆ, ಬೇಸಾಯ, ಆರೋಗ್ಯಕ್ಕೆ ಏನಾದರೂ ಉಪಯೋಗವಾಗುತ್ತದೆಯೇ ಎಂದು ಒಂದು ವರ್ಷ ನೋಡುವ ಪ್ರಯೋಗ. ಕನಸು ವಿಕ್ರಮ್ ಸಾರಾಭಾಯಿ ಅವರದು. ಪಟ್ಟಣಕ್ಕೆ ಮೊದಲು, ಹಳ್ಳಿಗೆ ಉಳಿದದ್ದು ಎಂಬ ಲೆಕ್ಕವನ್ನು ತಿರುವಿಹಾಕಬೇಕು ಎಂಬುದು ಅವರ ಹಟ. ಅಮೆರಿಕದ ನಾಸಾ ಜೊತೆ ಒಪ್ಪಂದವಾದದ್ದು 1969ರಲ್ಲಿ. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದ ಯಶ್ ಪಾಲ್, ಯೋಜನೆಯ ಹೊಣೆ ಹೊತ್ತ ಇ.ವಿ. ಚಿಟ್ನಿಸ್ ಮತ್ತು ಅವರ ಬಳಗ ಅದನ್ನು ದಡ ಮುಟ್ಟಿಸಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಆಫ್ರಿಕಾದ ಪೂರ್ವಭಾಗದ ಮೇಲೆ ತಂದು ನಿಲ್ಲಿಸಿದರು. ಆಂಧ್ರ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ ಈ ಆರು ರಾಜ್ಯಗಳ 2,400 ಹಳ್ಳಿಗಳು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ.

ನಾನು ಆಗ ಆರನೇ ಇಯತ್ತೆ. ನಮ್ಮೂರು ಬಿಜಾಪುರ ಜಿಲ್ಲೆಯ ಭೀಮಾ ದಂಡೆಯ ಕಡೆಯದು. ನಮ್ಮಪ್ಪ ಅಲ್ಲಿನ ಶಾಲೆಯ ಹೆಡ್‌ಮಾಸ್ತರರು, ಹಾಗಾಗಿ ಟಿವಿಯ ಕೀಲಿಕೈ ಅವರ ಜನಿವಾರದ ಪಕ್ಕ ತೂಗುತ್ತಿತ್ತು. ಜೀಪಿನಲ್ಲಿ ಬಂದ ನಾಲ್ಕೈದು ಮಂದಿ ಶಾಲೆಯ ಹಿಂಬದಿಯಲ್ಲಿ ಕಾಂಕ್ರೀಟು ಹಾಕಿ, ಕಬ್ಬಿಣದ ಕಂಬ ನಿಲ್ಲಿಸಿ, ಅದರ ಮೇಲೆ ಹತ್ತು ಅಡಿ ಅಗಲದ ಬುಟ್ಟಿಯಾಕಾರದ ಚೌಕಟ್ಟು ಕೂರಿಸಿದರು. ಚೌಕಟ್ಟಿಗೆ ಬಿಗಿದದ್ದು ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿ. ದುಬಾರಿ ಲೋಹದ ಹಾಳೆ ಬೇಕಿಲ್ಲ, ಜಾಲರಿಯೇ ಸಾಕು, ಗಾಳಿಯೂ ತೂರಿ ಹೋಗುತ್ತದೆ ಎಂದು ಅಹಮದಾಬಾದಿನ ಎಂಜಿನಿಯರುಗಳು ಕಂಡುಕೊಂಡಿದ್ದರು. ಟಿವಿ ಪೆಟ್ಟಿಗೆ ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯದು, ಕಪ್ಪು-ಬಿಳುಪು. ಊರಿನವರು ಜಾಲರಿಯ ಬುಟ್ಟಿಯನ್ನು ಛತ್ರಿ ಎಂದರು. ಅದು ಪಡುವಣ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಮೇಲೆ ಉಪಗ್ರಹದಲ್ಲೂ ಅಂಥದೇ ಜಾಲರಿಯ ಒಂದು ಛತ್ರಿ ಇತ್ತೆಂದೂ, ಮೂವತ್ತು ಅಡಿ ಅಗಲದ ಅದನ್ನು ಮಡಿಚಿ ಕಳಿಸಿ ಆಕಾಶದಲ್ಲಿ ಬಿಡಿಸಿದ್ದರೆಂದೂ ನನಗೆ ತಿಳಿದದ್ದು ನಾನೇ ಮಾಸ್ತರಿಕೆಗೆ ಸೇರಿದ ಮೇಲೆ. ಆಗ ನಮ್ಮ ಚಿಂತೆ ಆಡುಗಳದು. ಕಾಂಕ್ರೀಟಿನ ಕಟ್ಟೆ ಏರಿ ಅವು ಜಾಲರಿಗೆ ಮೈ ಉಜ್ಜಿದರೆ ಚಿತ್ರ ಹೋಗುತ್ತಿತ್ತು. ಅಪ್ಪ ಜಾಲಿಮುಳ್ಳಿನ ಬೇಲಿ ಕಟ್ಟಿಸಿದರು.

ಊರ ಗೌಡರಿಗೆ ಟಿವಿ ತಮ್ಮ ವಾಡೆಯಲ್ಲಿರಬೇಕು ಅನ್ನಿಸಿತ್ತು. ಅಪ್ಪನ ಹತ್ತಿರ ಬಂದು ಮೆತ್ತಗೆ ಕೇಳಿದ್ದು ನನಗೆ ನೆನಪಿದೆ: “ಮಾಸ್ತರ, ಪೆಟಿಗಿ ನಮ್ಮ ವಾಡೆದಾಗ ಇಡೂನೇನ್ರಿ? ಮಳಿಗಿಳಿ ಬಂದ್ರ ಕೆಡತೈತಿ.”

ಅಪ್ಪ ಅಷ್ಟೇ ಮೆತ್ತಗೆ, “ಛತ್ರಿ ಶಾಲಿ ಹಿಂದ ನಟ್ಟು ಹೋಗ್ಯಾರ್ರಿ ಗೌಡ್ರ. ವೈರು ವಾಡೇತನಕ ಬರಂಗಿಲ್ರಿ” ಅಂದರು.

ವೈರು ಅಷ್ಟುದ್ದ ಇರಲಿಲ್ಲ ಎಂಬುದು ನಮ್ಮೂರಿನ ಭಾಗ್ಯ ಎಂದು ನಾನು ಇವತ್ತಿಗೂ ನಂಬುತ್ತೇನೆ. ವಾಡೆಯ ಹೊಸ್ತಿಲು ಎಲ್ಲರೂ ದಾಟುವಂಥದಲ್ಲ. ಶಾಲೆ ಸರಕಾರದ್ದು, ಅಂಗಳ ಎಲ್ಲರದು. ಹಾಗೆಂದು ಮೊದಲ ದಿನವೇ ಎಲ್ಲರೂ ಒಟ್ಟಿಗೆ ಕೂತರೆಂದಲ್ಲ. ಗಂಡಸರು ಪೆಟ್ಟಿಗೆಯ ಎದುರು, ಹೆಂಗಸರು ಬೇವಿನ ಮರದ ಬದಿಗೆ, ಕೇರಿಯ ಜನ ಅಂಗಳದ ಆಚೆಯ ಗೋಡೆಗೆ ಆತು ನಿಂತೇ ಇರುತ್ತಿದ್ದರು. ಮಕ್ಕಳಾದ ನಮಗೆ ಆ ಗೆರೆಗಳು ಮೊದಲು ಅಳಿಸಿದವು. ಮುಂದಿನ ಸಾಲಿನಲ್ಲಿ ಜಾಗ ಹಿಡಿಯುವ ಗಲಾಟೆಯಲ್ಲಿ ಯಾರ ಮೊಣಕಾಲು ಯಾರಿಗೆ ತಾಗಿತು ಎಂದು ನೋಡುವವರು ಇರಲಿಲ್ಲ. ದೀಪಾವಳಿ ಹೊತ್ತಿಗೆ ಗೋಡೆಗೆ ಆತವರೂ ಅಂಗಳದಲ್ಲಿ ಕೂತರು. ಅಂಗಳದಲ್ಲಿ ಕೂತವರು ಬಾವಿಯ ಕಟ್ಟೆ ಏರುವಂತಾಗಲಿಲ್ಲ, ಅದು ಬೇರೆ ಮಾತು. ಆದರೆ ಸಂಜೆಯ ಎರಡು ತಾಸು ಕೂತರಲ್ಲ, ಅದನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ.

ಟಿವಿ ಕೆಟ್ಟರೆ ಅಪ್ಪ ಕಾರ್ಡು ಬರೆಯುತ್ತಿದ್ದರು. ಏನು ಕೆಟ್ಟಿದೆ, ಚಿತ್ರವೋ ದನಿಯೋ, ಯಾವತ್ತಿನಿಂದ ಎಂದು ಗುರುತು ಹಾಕಿ ಅಂಚೆ ಡಬ್ಬಿಗೆ ಹಾಕಿದರೆ ರಿಪೇರಿ ಕೇಂದ್ರದಿಂದ ಜೀಪು ಬರುತ್ತಿತ್ತು. ಆಕಾಶದಲ್ಲಿ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹ, ನೆಲದ ಮೇಲೆ ಅಂಚೆಯವನ ಸೈಕಲ್ಲು, ಎರಡನ್ನೂ ನೆಚ್ಚಿಕೊಂಡೇ ಆ ಯೋಜನೆ ನಡೆಯಿತು. ಫೋನು ಇಲ್ಲದ, ಮಳೆಗಾಲದಲ್ಲಿ ಹಳ್ಳ ತುಂಬಿ ರಸ್ತೆ ಮುಳುಗುವ ಊರುಗಳಲ್ಲಿ ಬಹುಪಾಲು ಪೆಟ್ಟಿಗೆಗಳನ್ನು ವರ್ಷವಿಡೀ ನಡೆಸಿದ ಆ ತಂತ್ರಜ್ಞರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಉಪಗ್ರಹದ ಹೆಸರು ಎಲ್ಲರಿಗೂ ಗೊತ್ತು, ಜೀಪಿನವರ ಹೆಸರು ಅವರ ಮನೆಯವರಿಗೆ ಮಾತ್ರ.

ಬೆಳಿಗ್ಗೆ ಒಂದೂವರೆ ತಾಸು ಶಾಲೆಯ ಕಾರ್ಯಕ್ರಮ, ಸಂಜೆ ಎರಡೂವರೆ ತಾಸು ದೊಡ್ಡವರದು. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಆ ವೇಳೆಯನ್ನೇ ಹಂಚಿಕೊಳ್ಳಬೇಕು. ದಿಲ್ಲಿ, ಕಟಕ್, ಹೈದರಾಬಾದುಗಳಲ್ಲಿ ತಯಾರಿಕಾ ಕೇಂದ್ರಗಳಿದ್ದವು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವುಗಳ ಜೊತೆಗೆ. ಉಪಗ್ರಹ ಒಂದೇ ಚಿತ್ರದ ಜೊತೆ ಎರಡು ದನಿಗಳನ್ನು ಹೊರಬಲ್ಲದಾಗಿತ್ತು. ಅಂದರೆ ಒಂದೇ ಚಿತ್ರ ನೋಡುತ್ತ ಇಬ್ಬರು ಬೇರೆ ಬೇರೆ ಭಾಷೆಯಲ್ಲಿ ಕೇಳಬಹುದು. ಸರಕಾರಕ್ಕೆ ಅದು ಉಳಿತಾಯ. ಹಳ್ಳಿಯವರ ತೊಡಕು ಹುಟ್ಟಿದ್ದು ಅಲ್ಲೇ: ಮಾತು ನಮ್ಮದಾದರೂ ಚಿತ್ರದ ಹೊಲ ಬೇರೆ ಸೀಮೆಯದಿರಬಹುದು.

ನಮ್ಮ ಓಣಿಯ ಒಬ್ಬ ಹಿರಿಯ ರೈತರು ಬೇಸಾಯದ ಕಾರ್ಯಕ್ರಮ ಬಂದಾಗ ಮುಖ ನೋಡುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ, ಮಣ್ಣು ನೋಡುತ್ತಿದ್ದರು. “ಇದು ಎರಿಹೊಲಾ ಅಲ್ಲ ಬಿಡ್ರಿ” ಎಂದು ಎದ್ದು ಚಿಲುಮೆ ಹಚ್ಚಿಕೊಳ್ಳಲು ಹೋಗುತ್ತಿದ್ದರು. 1972-73ರ ಬರಗಾಲದಲ್ಲಿ ಎತ್ತು ಮಾರಿದ ಮನುಷ್ಯ ಅವರು. ತಮ್ಮ ಹೊಲದಂಥ ಹೊಲ ಕಂಡಿದ್ದರೆ ರಾತ್ರಿಯಿಡೀ ಕೂತು ಕೇಳುತ್ತಿದ್ದರು. ಆಮೇಲೆ ಬಂದ ಸಮೀಕ್ಷೆಗಳು ಹೇಳಿದ್ದೂ ಇದನ್ನೇ: ಆರೋಗ್ಯ, ಕುಟುಂಬ ಯೋಜನೆಯ ವಿಷಯದಲ್ಲಿ ಜನರ ತಿಳಿವಳಿಕೆ ಹೆಚ್ಚಿತು, ಅದರಲ್ಲೂ ಓದು ಬಾರದ ಹೆಂಗಸರಲ್ಲಿ, ಬೇಸಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮೈಗೆ ಬರುವ ಜ್ವರ ಎಲ್ಲ ಊರಲ್ಲೂ ಒಂದೇ, ಮಣ್ಣು ಊರಿಗೊಂದು. ಆ ಸಮೀಕ್ಷೆಗಳಿಗಾಗಿ ಸಂಶೋಧಕರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸವಿದ್ದರು. ಮೊದಮೊದಲು ಕಿಕ್ಕಿರಿದ ಜನ ಕ್ರಮೇಣ ಕಡಿಮೆಯಾಗಿ ಒಂದು ಪೆಟ್ಟಿಗೆಯ ಮುಂದೆ ಸರಾಸರಿ ನೂರು ಮಂದಿಗೆ ಬಂದು ನಿಂತರು ಎಂದು ಅವರು ಬರೆದರು. ಮಕ್ಕಳ ಭಾಷೆ ಸುಧಾರಿಸಿತು, ಶಾಲೆ ಬಿಡುವವರು ಮಾತ್ರ ಕಡಿಮೆಯಾಗಲಿಲ್ಲ ಎಂದೂ ಬರೆದರು. ಹೊಲದಲ್ಲಿ ಕೈ ಬೇಕಾದಾಗ ಟಿವಿ ಇದ್ದರೂ ಮಗು ಹೊಲಕ್ಕೇ ಹೋಗುತ್ತದೆ. ಮೂವತ್ತೈದು ವರ್ಷ ಹಾಜರಿ ಪುಸ್ತಕ ಹಿಡಿದ ನನಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಅದು ತುರ್ತುಪರಿಸ್ಥಿತಿಯ ಕಾಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. 1975ರ ಜೂನ್ 25ಕ್ಕೆ ಅದು ಜಾರಿಯಾಯಿತು, ಐದು ವಾರಕ್ಕೆ ನಮ್ಮ ಛತ್ರಿಗೆ ಜೀವ ಬಂತು. ಸರಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮ ಪರದೆಯ ಮೇಲೂ ಬರುತ್ತಿತ್ತು. ಹಳ್ಳಿ ನೋಡುತ್ತಿತ್ತು, ದಿಲ್ಲಿ ಮಾತಾಡುತ್ತಿತ್ತು. ಹಳ್ಳಿ ತಿರುಗಿ ಮಾತಾಡುವ ದಾರಿ ಆ ತಂತ್ರದಲ್ಲೂ ಇರಲಿಲ್ಲ, ಆ ಕಾಲದಲ್ಲೂ ಇರಲಿಲ್ಲ.

ಆದರೂ ಒಂದು ಸಂಜೆಯನ್ನು ನಾನು ಮರೆತಿಲ್ಲ. ಯಾವುದೋ ಹಳ್ಳಿಯ ಬದುಕಿನ ಚಿಕ್ಕ ಚಿತ್ರ. ಹೆಂಗಸರು ನೀರು ಹೊತ್ತು ದಿಬ್ಬ ಏರುತ್ತಿದ್ದಾರೆ, ಕ್ಯಾಮೆರಾ ಅವರ ಹಿಂದೆಯೇ ನಡೆಯುತ್ತಿದೆ, ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ಬೇವಿನ ಮರದ ಬದಿಯಿಂದ ನಮ್ಮಜ್ಜಿ ಜೋರಾಗಿ, “ಆಕೀನೂ ನಮ್ಮಂಗ ಸಿಂಬಿ ಇಟ್ಟಾಳ ನೋಡ್ರೇ!” ಅಂದಳು. ಕೂಡಲೇ ಹೆಂಗಸರ ಕಡೆ ಮಾತು ಶುರುವಾಯಿತು. ಅಲ್ಲಿ ಬಾವಿ ಎಷ್ಟು ದೂರ, ಆಕಿ ಬಸುರಿ ಇದ್ದಂಗ ಅದಾಳ, ಗಂಡಸು ಯಾಕ ಹೊರಂಗಿಲ್ಲ, ನಮ್ಮೂರ ಬಾವಿಗೆ ಗಾಲಿ ಹಾಕಸ್ತೀವಿ ಅಂದವರು ಎಲ್ಲಿ ಹೋದರು. ಗಂಡಸರು ಸುಮ್ಮನಿರ್ರಿ ಎಂದು ಗದರಿದರು. ಯಾರೂ ಸುಮ್ಮನಾಗಲಿಲ್ಲ. ಅದು ಪಾಠವಾಗಿರಲಿಲ್ಲ, ಸಲಹೆಯಾಗಿರಲಿಲ್ಲ. ಯಾರದೋ ದಿನವನ್ನು ಹಾಗೇ ತೋರಿಸಿದ್ದು ಅಷ್ಟೇ. ಆ ವರ್ಷದ ನೂರಾರು ಗಂಟೆಗಳ ಉಪದೇಶದಲ್ಲಿ ಏಳದ ಮಾತು ಆ ಕೆಲವು ನಿಮಿಷಗಳಲ್ಲಿ ಎದ್ದಿತು.

ಇದೇ ದಾರಿಯನ್ನು ಹಿಡಿದು ಮುಂದೆ ಹೋದವರು ಗುಜರಾತಿನ ಖೇಡಾ ಜಿಲ್ಲೆಯಲ್ಲಿದ್ದರು. ಅದು ಸೈಟ್‌ನ ಜೊತೆಗೇ ಹುಟ್ಟಿದ ಸಣ್ಣ ಯೋಜನೆ. ಪಿಜ್ ಎಂಬ ಹಳ್ಳಿಯಲ್ಲಿ ಒಂದು ಕಿಲೋವಾಟ್ ಶಕ್ತಿಯ ಪ್ರಸಾರ ಯಂತ್ರ, ಅದರ ಅಲೆ ಮುಟ್ಟುತ್ತಿದ್ದದ್ದು ಸುತ್ತಲಿನ ಸುಮಾರು ಮೂವತ್ತೈದು ಕಿಲೋಮೀಟರ್ ದೂರದವರೆಗೆ. ಸುಮಾರು 400 ಹಳ್ಳಿಗಳಲ್ಲಿ 650ರಷ್ಟು ಸಮುದಾಯ ಟಿವಿಗಳು. ಹಾಲಿನ ಸಹಕಾರ ಸಂಘಗಳಿಗೆ ಹೆಸರಾದ ಸೀಮೆ ಅದು. ಪೆಟ್ಟಿಗೆ ಇಡಲು, ಜನ ಸೇರಲು ಆಗಲೇ ಒಂದು ಕಟ್ಟೆ ಇತ್ತು. ದಿನಕ್ಕೆ ಸುಮಾರು ಒಂದು ತಾಸು ಪ್ರಸಾರ.

ಆ ಒಂದು ತಾಸಿನಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸ. ಸ್ಟುಡಿಯೋದಲ್ಲಿ ಕೂತವರು ಹಳ್ಳಿಗೆ ಬುದ್ಧಿ ಹೇಳುವ ಬದಲು, ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ವಿಡಿಯೋ ಕ್ಯಾಮೆರಾ ಹಿಡಿದು ಊರೂರಿಗೆ ಹೋದರು. “ದಾದ್ ಫರಿಯಾದ್” ಎಂಬ ಅವರ ಕಾರ್ಯಕ್ರಮದಲ್ಲಿ ಹಳ್ಳಿಯವರು ತಮ್ಮ ತಕರಾರನ್ನು ಕ್ಯಾಮೆರಾ ಮುಂದೆ ಹೇಳುತ್ತಿದ್ದರು, ಸಂಬಂಧಪಟ್ಟ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು, ಅದನ್ನು ಇಡೀ ಸೀಮೆ ನೋಡುತ್ತಿತ್ತು. ಕಚೇರಿಯ ಮೇಜಿನ ಎದುರು ಒಬ್ಬೊಬ್ಬರೇ ನಿಂತು ಹೇಳಿದ್ದಕ್ಕೂ, ನೆರೆಯ ನಾನೂರು ಹಳ್ಳಿ ಕೇಳುವಂತೆ ಹೇಳಿದ್ದಕ್ಕೂ ಎಷ್ಟು ಅಂತರ ಎಂಬುದು ತಹಸೀಲ್ದಾರ ಕಚೇರಿಗೆ ಅಲೆದವರಿಗೆ ಗೊತ್ತು. ಕೂಲಿಯವರ ಕನಿಷ್ಠ ವೇತನದ ವಿಷಯ ಎತ್ತಿದರು. “ಚತುರ್ ಮೋಟಾ” ಎಂಬ ಧಾರಾವಾಹಿಯಲ್ಲಿ ವರದಕ್ಷಿಣೆ, ವಿಧವೆಯರ ಮರುಮದುವೆ ತಂದರು. ಆಡಿದ ಮಾತು ಆ ಸೀಮೆಯದೇ ಗುಜರಾತಿ. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋದ ಪ್ರಶಸ್ತಿ ಖೇಡಾಕ್ಕೆ ಬಂತು.

ಸೈಟ್ ಮತ್ತು ಖೇಡಾ ಎರಡೂ ಒಂದೇ ಸಂಸ್ಥೆಯ ಕೂಸುಗಳು. ಒಂದು ಆರು ರಾಜ್ಯಗಳನ್ನು ಮುಟ್ಟಿತು, ಇನ್ನೊಂದು ಒಂದು ಜಿಲ್ಲೆಯನ್ನು. ಉಪಗ್ರಹಕ್ಕಿಂತ ಆ ಗಿಡ್ಡ ಗೋಪುರವೇ ಹೆಚ್ಚು ದೂರ ಹೋಯಿತು ಎಂದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನೋಡುವವರೂ ಕಾಣಿಸುವವರೂ ಒಂದೇ ಜನ. ಕಾರ್ಯಕ್ರಮ ಮಾಡಿದವನು ಮರುವಾರ ಅದೇ ಊರಿಗೆ ಹೋಗಬೇಕು, ಅದೇ ಜನರಿಗೆ ಮುಖ ತೋರಿಸಬೇಕು. ಹತ್ತಿರದಿಂದ ಮಾಡಿದ ಕೆಲಸದಲ್ಲಿ ಸುಳ್ಳಿಗೆ ಜಾಗ ಕಡಿಮೆ. ಅಂಥ ಯಂತ್ರವನ್ನೂ 1980ರ ದಶಕದ ನಡುವೆ, ಜನ ಬೇಡವೆಂದರೂ, ಅಲ್ಲಿಂದ ಎತ್ತಿದರು. ಅದನ್ನು ಓದಿದಾಗ ನನಗೆ ನಮ್ಮೂರಿನ ಕೊನೆಯ ಸಂಜೆ ಕಣ್ಣಿಗೆ ಬಂತು. 1976ರ ಜುಲೈ ಮುಗಿದ ಮೇಲೆ ಎಟಿಎಸ್-6 ತನ್ನ ದೇಶದ ಕಡೆ ಸರಿಯಿತು. ಒಪ್ಪಂದವೇ ಅಷ್ಟಿತ್ತು, ತಪ್ಪು ಯಾರದೂ ಅಲ್ಲ. ಆದರೂ ಆಗಸ್ಟಿನ ಮೊದಲ ವಾರವೆಲ್ಲ ಜನ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬಂದು, “ಹಚ್ಚರಿ ಮಾಸ್ತರ” ಎನ್ನುತ್ತಿದ್ದರು. ಅಪ್ಪ ಕೀಲಿ ತೆಗೆದು, ಗುಂಡಿ ತಿರುಗಿಸಿ, ಇರುವೆ ಹರಿದಂಥ ಬಿಳಿ ಚುಕ್ಕಿಗಳನ್ನು ತೋರಿಸಿ ಮತ್ತೆ ಮುಚ್ಚುತ್ತಿದ್ದರು.

ನಮ್ಮ ಭಾಗಕ್ಕೆ ಪೂರ್ತಿ ಕತ್ತಲೆಯೇನೂ ಆಗಲಿಲ್ಲ. ಸೈಟ್ ಮುಟ್ಟಿದ್ದ ಸೀಮೆಗಳನ್ನು ಕೈಬಿಡಬಾರದೆಂದು ಸರಕಾರ ಕೆಲವು ಕಡೆ ನೆಲದ ಪ್ರಸಾರ ಕೇಂದ್ರಗಳನ್ನು ಹಾಕಿತು. ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲ್‌ಪುರ, ಹೈದರಾಬಾದ್, ಜೊತೆಗೆ ನಮ್ಮ ಗುಲ್ಬರ್ಗಾ. ಗುಲ್ಬರ್ಗಾ ಕೇಂದ್ರ ಶುರುವಾದದ್ದು 1977ರಲ್ಲಿ, ಆಗಲೂ ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ನಮ್ಮ ಹಳ್ಳಿಗೆ ಅದರ ಅಲೆ ಎಟುಕಲಿಲ್ಲ. ನಾನು ಗುಲ್ಬರ್ಗಾ ಜಿಲ್ಲೆಗೆ ಮದುವೆಯಾಗಿ ಬಂದು, ಅಲ್ಲೇ ನೌಕರಿ ಹಿಡಿದ ಮೇಲೆ ಆ ಕೇಂದ್ರ ನನ್ನದಾಯಿತು.

ಆ ಹೊತ್ತಿಗೆ ಕಾಲ ಬೇರೆಯಾಗಿತ್ತು. 1982ರ ಆಗಸ್ಟ್ 15ಕ್ಕೆ ದಿಲ್ಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣ ಬಂತು, ಏಷ್ಯಾಡ್ ಬಂತು. 1983ರಲ್ಲಿ ನಮ್ಮದೇ ಇನ್ಸಾಟ್-1ಬಿ ಮೇಲೇರಿತು. ಊರೂರಿಗೆ ಪ್ರಸಾರ ಗೋಪುರಗಳೆದ್ದವು, ಅವುಗಳಲ್ಲಿ ಹೆಚ್ಚಿನವು ದಿಲ್ಲಿಯದನ್ನು ಹಿಡಿದು ಹಂಚುವ ಗೋಪುರಗಳು. ಪಿ.ಸಿ. ಜೋಶಿ ಅವರ ಸಮಿತಿ ಆ ದಶಕದಲ್ಲೇ ಎಚ್ಚರಿಸಿತ್ತು: ಟಿವಿ ದಿಲ್ಲಿಮುಖಿಯಾಗಿದೆ, ಪ್ರದೇಶಗಳ ಕೈಗೆ ಕೊಡಿ, ಹಳ್ಳಿಯ ದನಿ ತನ್ನಿ ಎಂದು. ವರದಿ ಅಚ್ಚಾಯಿತು. ಜಾಹೀರಾತು, ಧಾರಾವಾಹಿಗಳ ಹೊಳೆ ಅದರ ಮೇಲೆ ಹರಿದುಹೋಯಿತು. ನಾನೂ ರಾಮಾಯಣಕ್ಕೆ ಕೂತವಳೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಮನೆಗೊಂದು ಟಿವಿ ಬಂದದ್ದೇ ಶಾಲೆಯ ಅಂಗಳ ಖಾಲಿಯಾಯಿತು. ನೀರು ಹೊತ್ತವಳನ್ನು ನೋಡಿ ನೂರು ಮಂದಿ ಒಟ್ಟಿಗೆ ಮಾತಾಡುವ ಜಾಗ ಹೋಯಿತು.

ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾಯಿತು. 2021ರಲ್ಲಿ ಹಳೆಯ ಅನಲಾಗ್ ಪ್ರಸಾರ ಯಂತ್ರಗಳನ್ನು ಪ್ರಸಾರ ಭಾರತಿ ದೇಶದಾದ್ಯಂತ ನಿಲ್ಲಿಸುತ್ತ ಬಂದಾಗ, ಕಲಬುರಗಿ ದೂರದರ್ಶನ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತು. ಆಗ ಪ್ರಸಾರ ಭಾರತಿ ಸ್ಪಷ್ಟೀಕರಣ ಕೊಟ್ಟಿತು. ಅಸ್ಸಾಮಿನ ಸಿಲ್ಚರ್ ಮತ್ತು ಕಲಬುರಗಿಯ ಹೆಸರು ಹೇಳಿಯೇ, ನಿಲ್ಲುವುದು ಹಳೆಯ ಯಂತ್ರ ಮಾತ್ರ, ಈ ಕೇಂದ್ರಗಳು ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತವೆ, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲಿ ಮತ್ತು ಯೂಟ್ಯೂಬಿನಲ್ಲಿ ಬರುತ್ತವೆ ಎಂದಿತು. ಆ ಮಾತನ್ನು ನಾನು ಭರವಸೆಯೆಂದೇ ಹಿಡಿದುಕೊಂಡಿದ್ದೇನೆ. ಯಂತ್ರ ಹೋದರೆ ನನಗೆ ದುಃಖವಿಲ್ಲ. ಪಿಜ್‌ನಲ್ಲಿ ಕೆಲಸ ಮಾಡಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಊರಿಗೆ ಹೋಗುವ ಅಭ್ಯಾಸ.

ಈಗ ಆ ಅಭ್ಯಾಸ ಹಿಂದೆಂದಿಗಿಂತ ಅಗ್ಗ. ಆಗ ಹೆಗಲು ನೋಯಿಸುತ್ತಿದ್ದ ಕ್ಯಾಮೆರಾ ಈಗ ಜೇಬಿನಲ್ಲಿದೆ. ಕಲಬುರಗಿ ಕೇಂದ್ರದವರು ತೊಗರಿ ಮಾರುಕಟ್ಟೆಗೆ ಬಂದು ತೂಕಕ್ಕೆ ನಿಂತ ರೈತನ ಒಂದು ದಿನವನ್ನು ತೋರಿಸಲಿ. ದಸರೆ ಮುಗಿದ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುವವರ ಜೊತೆ ಬಸ್ಸಿನಲ್ಲಿ ಕೂತು ಹೋಗಲಿ. ನನ್ನ ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳಲ್ಲಿ ಬೀಳುತ್ತಿದ್ದ ಗೈರುಹಾಜರಿಯ ಗುರುತುಗಳಿಗೆ ಒಂದೊಂದು ಮುಖ ಇತ್ತು, ಆ ಮುಖಗಳನ್ನು ತೋರಿಸಲಿ. ನೀರಿನ ಟ್ಯಾಂಕರಿಗೆ ಕೊಡ ಇಟ್ಟು ಕಾಯುವ ಹೆಂಗಸರು ಅವರದೇ ಮಾತಿನಲ್ಲಿ ಮಾತಾಡಲಿ, ಬೆಂಗಳೂರಿನ ಕನ್ನಡಕ್ಕೆ ಅದನ್ನು ಯಾರೂ ತಿದ್ದುವುದು ಬೇಡ. ಹಾಗೆ ತೆಗೆದದ್ದನ್ನು ಮೊದಲು ಆ ಊರಿನ ಶಾಲೆಯ ಗೋಡೆಯ ಮೇಲೆ ತೋರಿಸಲಿ, ತಾಲೂಕಿನ ಅಧಿಕಾರಿಯನ್ನೂ ಕರೆದು ಕೂರಿಸಲಿ. ಯೂಟ್ಯೂಬಿಗೆ ಆಮೇಲೆ ಹಾಕಬಹುದು.